ಕಪ್ಪೊಳಗಿನ ಗಾಳಿ

ಒಂದು ಕಪ್ ಅಂದ್ರೆ ಎಷ್ಟು ಗ್ರಾಂ ಅಂತ ಯಾರಾದರೂ ಕೇಳಿದರೆ ನಾನು ತಿರುಗಿ ಕೇಳುವುದು ಒಂದೇ, ಯಾವುದರದ್ದು? ಕೇಳಿದವರಿಗೆ ಕಿರಿಕಿರಿ ಆಗುತ್ತದೆ. ಪಾಪ, ಓವನ್ ಆಗಲೇ ಬಿಸಿಯಾಗಿರುತ್ತದೆ, ಅವರಿಗೆ ಬೇಕಾಗಿರುವುದು ಒಂದು ಸಂಖ್ಯೆ. ಆದರೆ ಕಪ್ ನೋಡುವುದು ಎಷ್ಟು ಜಾಗ ತುಂಬಿತು ಅಂತ, ತಕ್ಕಡಿ ನೋಡುವುದು ಎಷ್ಟು ಭಾರ ಅಂತ. ಇವೆರಡಕ್ಕೂ ಸಲೀಸಾಗಿ ತಾಳೆಯಾಗುವುದು ನೀರು. 240 ಮಿಲಿ ನೀರು ಹೆಚ್ಚುಕಮ್ಮಿ 240 ಗ್ರಾಂ. ಅದೇ ಕಪ್ಪಿಗೆ ಜೇನು ಸುರಿದರೆ 340 ಗ್ರಾಂ, ಸಕ್ಕರೆ ಹಾಕಿದರೆ 200, ಎಣ್ಣೆಯಾದರೆ 220ರ ಆಸುಪಾಸು.

ಇಷ್ಟೇ ಆಗಿದ್ದರೆ ಒಂದು ಪಟ್ಟಿ ಬರೆದು ಗೋಡೆಗೆ ಅಂಟಿಸಬಹುದಿತ್ತು. ತಲೆನೋವು ಶುರುವಾಗುವುದು ಮೈದಾದಿಂದ. ಕಪ್ಪನ್ನು ನೇರ ಡಬ್ಬಿಯೊಳಗೆ ಅದ್ದಿ, ಡಬ್ಬಿಯ ಅಂಚಿಗೆ ಒತ್ತಿ ಮೇಲೆತ್ತಿದರೆ 140-150 ಗ್ರಾಂ ಬರುತ್ತದೆ. ಅದೇ ಹಿಟ್ಟನ್ನು ಮೊದಲು ಕೆದಕಿ ಸಡಿಲ ಮಾಡಿ, ಚಮಚದಿಂದ ಕಪ್ಪಿಗೆ ಉದುರಿಸಿ, ಮೇಲೆ ಗುಡ್ಡೆಯಾದದ್ದನ್ನು ಚಾಕುವಿನ ಬೆನ್ನಿಂದ ಸವರಿ ಬೀಳಿಸಿದರೆ 120-125. ಜರಡಿ ಹಿಡಿದರೆ ಇನ್ನೂ ಕಮ್ಮಿ. ಮೂರು ಕಪ್ ಹಿಟ್ಟಿನ ಬ್ರೆಡ್ಡಿನಲ್ಲಿ ಇದು ಸುಮಾರು 75 ಗ್ರಾಂ ವ್ಯತ್ಯಾಸ, ಅಂದರೆ ಅರ್ಧ ಕಪ್ಪಿಗಿಂತ ಜಾಸ್ತಿ! ಬ್ರೆಡ್ ಇಟ್ಟಿಗೆ ಆದರೆ ಬೈಗುಳ ಮಾತ್ರ ಯೀಸ್ಟಿಗೆ. ಕೆಲವು ರೆಸಿಪಿಗಳು ಇನ್ನೂ ಚುರುಕು, 'ಜರಡಿ ಹಿಡಿದ ಮೈದಾ 1 ಕಪ್' ಅಂದರೆ ಜರಡಿ ಹಿಡಿದು ಆಮೇಲೆ ಅಳೆಯಬೇಕು, 'ಮೈದಾ 1 ಕಪ್, ಜರಡಿ ಹಿಡಿದದ್ದು' ಅಂದರೆ ಅಳೆದು ಆಮೇಲೆ ಜರಡಿ ಹಿಡಿಯಬೇಕು. ಅವಸರದಲ್ಲಿ ಓದುವವರಿಗೆ ಇದೆಲ್ಲ ಕಣ್ಣಿಗೆ ಬೀಳುತ್ತದಾ, ನೀವೇ ಹೇಳಿ.

ಉಪ್ಪೂ ಕಮ್ಮಿಯಿಲ್ಲ. ಪುಡಿ ಉಪ್ಪು ಟೀ ಚಮಚಕ್ಕೆ 6 ಗ್ರಾಂ ತೂಗಿದರೆ, ಹಗುರ ಪದರದಂತಿರುವ ಉಪ್ಪು ಅದರ ಅರ್ಧದಷ್ಟೇ ತೂಗುವುದುಂಟು.

ಇನ್ನು ಕಪ್ ಅನ್ನುವುದೇ ಎಲ್ಲ ಕಡೆ ಒಂದೇ ಅಲ್ಲ. ಅಮೆರಿಕದ್ದು ಸುಮಾರು 237 ಮಿಲಿ, ಆಸ್ಟ್ರೇಲಿಯಾದ್ದು 250, ಜಪಾನಿನದ್ದು 200, ರೈಸ್ ಕುಕ್ಕರ್ ಜೊತೆ ಬರುವ ಪುಟ್ಟ ಕಪ್ 180. ಟೇಬಲ್ ಚಮಚ ಸಾಮಾನ್ಯವಾಗಿ 15 ಮಿಲಿ, ಆಸ್ಟ್ರೇಲಿಯಾದಲ್ಲಿ ಮಾತ್ರ 20. ಔನ್ಸಿನ ಕಥೆಯಂತೂ ಬೇಡವೇ ಬೇಡ, ದ್ರವಕ್ಕೊಂದು, ತೂಕಕ್ಕೊಂದು.

ಅದಕ್ಕೇ ಪದಾರ್ಥದ ಹೆಸರೇ ಕೇಳದೆ ಕಪ್ಪಿಂದ ಗ್ರಾಂ ಮಾಡಿಕೊಡುವ ಆ್ಯಪ್‌ಗಳನ್ನು ನಾನು ನಂಬುವುದಿಲ್ಲ. ಸುಮ್ನೆ ಒಂದು ಡಿಜಿಟಲ್ ತಕ್ಕಡಿ ಇಟ್ಟುಕೊಳ್ಳಿ. ಬಟ್ಟಲು ಇಡಿ, ಸೊನ್ನೆ ಒತ್ತಿ, ಹಿಟ್ಟು ಹಾಕಿ, ಮತ್ತೆ ಸೊನ್ನೆ ಒತ್ತಿ, ಸಕ್ಕರೆ ಹಾಕಿ. ಬೆಣ್ಣೆಯನ್ನು ಕಪ್ಪಿಗೆ ಮೆತ್ತಿ, ಮತ್ತೆ ಬೆರಳಿಂದ ಕೆರೆದು ತೆಗೆಯುವ ಪಾಡಿಲ್ಲ, ತೊಳೆಯುವ ಪಾತ್ರೆಯೂ ಕಮ್ಮಿ. ರೆಸಿಪಿಯಲ್ಲಿ ಕಪ್ ಲೆಕ್ಕವೇ ಇದ್ದರೆ, ಬರೆದವರು ಕಪ್ ತುಂಬುವ ರೀತಿ ಹೇಳಿದ್ದಾರಾ ನೋಡಿ, ಇಲ್ಲದಿದ್ದರೆ ಮೈದಾಕ್ಕೆ 125 ಗ್ರಾಂ ಹಿಡಿದು ಶುರು ಮಾಡಿ, ಹಿಟ್ಟು ಅಂಟಂಟಾದರೆ ಆಮೇಲೆ ಸೇರಿಸಬಹುದಲ್ವಾ.

ಹಾಗಂತ ಚಮಚಗಳನ್ನು ಎಸೆಯಬೇಡಿ. ಕಾಲು ಟೀ ಚಮಚ ಯೀಸ್ಟ್ ಒಂದು ಗ್ರಾಂ ಕೂಡ ಬರುವುದಿಲ್ಲ, ಮನೆಯ ತಕ್ಕಡಿ 0 ಅನ್ನಲಾ 1 ಅನ್ನಲಾ ಅಂತ ಒದ್ದಾಡುತ್ತದೆ. ಅಲ್ಲಿ ಚಮಚವೇ ಸರಿ. ಸೂಪಿಗೆ ಹಾಕುವ ಈರುಳ್ಳಿಗಂತೂ ಎರಡೂ ಬೇಡ, ಕಣ್ಣಳತೆ ಸಾಕು.