ನಾವು ಓಡಿ ಎತ್ತುವ ದುಡ್ಡಿನಲ್ಲಿ ಒಂದು ಪಾಲು ಅಪ್ಪ ಅಮ್ಮಂದಿರ ಬಿಡುವಿಗೂ ಇರಲಿ

ಬೆಂಗಳೂರಿನಲ್ಲಿ ಓಟಗಳಿಗೇನೂ ಬರ ಇಲ್ಲ. 2008ರಲ್ಲಿ ಶುರುವಾದ ವರ್ಲ್ಡ್ 10ಕೆ ಇದೆ. ಮ್ಯಾರಥಾನ್ ಇದೆ. ಸ್ಟೇಡಿಯಂ ಟ್ರ್ಯಾಕ್ ಮೇಲೆ 12 ಗಂಟೆ, 24 ಗಂಟೆ ಸುತ್ತು ಹಾಕುವವರೂ ಇದ್ದಾರೆ. ಭಾನುವಾರ ಗಾಡಿ ಬಿಡದ ಕಬ್ಬನ್ ಪಾರ್ಕ್‌ಗೆ ಬೆಳಗ್ಗೆ ಹೋದರೆ ಓಡುವವರೇ ಓಡುವವರು. ಇವರಲ್ಲಿ ಎಷ್ಟೋ ಜನ ಯಾವುದಾದರೂ ಒಳ್ಳೆಯ ಕೆಲಸಕ್ಕೆ ಅಂತ ಗೆಳೆಯರಿಂದ, ಆಫೀಸಿನವರಿಂದ ದುಡ್ಡು ಎತ್ತಿ ಓಡುತ್ತಾರೆ. ನಾನು ಓಡುವುದು ಆಟಿಸಂ ಇರುವ ಮಕ್ಕಳ ಮನೆಯವರಿಗಾಗಿ. ಆಟಿಸಂ ಅಂದರೆ ಮೆದುಳು ಬೆಳೆಯುವ ರೀತಿಯೇ ಬೇರೆಯಾಗಿದ್ದು, ಮಾತಾಡುವುದು, ಜನರ ಜೊತೆ ಬೆರೆಯುವುದು ಕಷ್ಟವಾಗುವ ಸ್ಥಿತಿ. ಅದರ ಬಗ್ಗೆ ಒಂದು ಮಾತು ಹೇಳಬೇಕು ಅಂತ ಬಹಳ ದಿನದಿಂದ ಅಂದುಕೊಂಡಿದ್ದೆ.

ನಾವು ಎತ್ತುವ ದುಡ್ಡು ಸಾಮಾನ್ಯವಾಗಿ ಮಕ್ಕಳ ಥೆರಪಿಗೆ ಹೋಗುತ್ತದೆ, ಇಲ್ಲವೇ ಜಾಗೃತಿ ಕಾರ್ಯಕ್ರಮಕ್ಕೆ. ಥೆರಪಿಗೆ ಹೋಗಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ಮಗುವನ್ನು ಹಗಲು ರಾತ್ರಿ ನೋಡಿಕೊಳ್ಳುವ ಅಪ್ಪ ಅಮ್ಮನಿಗೆ ಅಂತ ಎಷ್ಟು ಹೋಗುತ್ತದೆ? ನನಗೆ ಗೊತ್ತಿರುವ ಮನೆಗಳಲ್ಲಿ ಏನೂ ಇಲ್ಲ. ಇದು ಬದಲಾಗಬೇಕು. ತರಬೇತಿ ಆದ ಒಬ್ಬರು ಮನೆಗೆ ಬಂದು ಮೂರು ಗಂಟೆ ಮಗುವಿನ ಜೊತೆ ಇದ್ದರೆ, ಆ ಅಮ್ಮ ಮಲಗಬಹುದು. ಬ್ಯಾಂಕಿಗೆ ಹೋಗಬಹುದು. ತನ್ನ ಬಿಪಿ ತೋರಿಸಿಕೊಂಡು ಬರಬಹುದು. ಸುಮ್ನೆ ಕೂತು ಕಾಫಿ ಕುಡಿಯಬಹುದು. ನಮ್ಮ ಓಟದಿಂದ ಆ ಮೂರು ಗಂಟೆ ಕೊಡಿಸೋಣ ಅನ್ನುವುದೇ ನನ್ನ ಮಾತು.

ರಾಜಾಜಿನಗರದಲ್ಲಿ ನಮ್ಮ ಪಕ್ಕದ ಮನೆಯ ಹುಡುಗನಿಗೆ ಆಟಿಸಂ ಇದೆ. ಅವನಿಗೆ ಮೆಟ್ರೋ ಅಂದರೆ ಪ್ರಾಣ. ಹಸಿರು ಮಾರ್ಗದ ನಿಲ್ದಾಣಗಳನ್ನೆಲ್ಲ ಆ ಅನೌನ್ಸ್‌ಮೆಂಟ್ ದನಿಯಲ್ಲೇ ಹೇಳುತ್ತಾನೆ: ಮಹಾಕವಿ ಕುವೆಂಪು ರಸ್ತೆ, ಶ್ರೀರಾಂಪುರ, ಮಂತ್ರಿ ಸ್ಕ್ವೇರ್ ಸಂಪಿಗೆ ರಸ್ತೆ. ಒಂದೂ ತಪ್ಪುವುದಿಲ್ಲ. ಹಸಿವಾದರೆ ಮಾತ್ರ ಬಾಯಿ ಬಿಟ್ಟು ಹೇಳುವುದಿಲ್ಲ, ಅಮ್ಮನ ಕೈ ಹಿಡಿದು ಡಬ್ಬದ ಹತ್ತಿರ ಕರೆದುಕೊಂಡು ಹೋಗುತ್ತಾನೆ. ಕುಕ್ಕರ್ ಕೂಗಿದರೆ ಕಿವಿ ಮುಚ್ಚಿಕೊಂಡು ಅಳುತ್ತಾನೆ. ಹಾಗಾಗಿ ಅವನು ಸ್ಕೂಲಿಂದ ಬರುವ ಮುಂಚೆಯೇ ಅನ್ನ ಬೇಳೆ ಎಲ್ಲ ಬೆಂದಿರಬೇಕು. ರಾತ್ರಿ ನಿದ್ದೆ ಕಡಿಮೆ. ಅವನು ಎದ್ದಿದ್ದರೆ ಮನೆಯಲ್ಲಿ ಒಬ್ಬರು ಎದ್ದಿರಲೇಬೇಕು, ಬಾಗಿಲು ತೆಗೆದುಕೊಂಡು ಹೊರಗೆ ಹೋದರೆ ಅನ್ನುವ ಭಯ.

ಅವರು ಮದುವೆಗಳಿಗೆ ಹೋಗುವುದನ್ನೇ ಬಿಟ್ಟಿದ್ದಾರೆ. ಗಟ್ಟಿಮೇಳದ ಸದ್ದು ಆ ಹುಡುಗನಿಗೆ ತಡೆಯಲು ಆಗುವುದಿಲ್ಲ. ಆ ಸದ್ದಿಗಿಂತ ಜಾಸ್ತಿ ನೋವು ಕೊಡುವುದು ನೆಂಟರ ಮಾತು. ‘ನೀನೇ ಮೊಬೈಲ್ ಕೊಟ್ಟು ಹಾಳು ಮಾಡಿದೆ’, ‘ಎರಡು ಏಟು ಕೊಟ್ಟರೆ ಸರಿಹೋಗ್ತಾನೆ’, ‘ಯಾವುದೋ ಹರಕೆ ಬಾಕಿ ಇದೆ ನೋಡು’. ಆ ಅಮ್ಮ ಇದನ್ನೆಲ್ಲ ಎಷ್ಟು ಸಲ ಕೇಳಿಸಿಕೊಂಡಿದ್ದಾರೋ. ಕೇಳಿದರೆ ನನಗೇ ಹೊಟ್ಟೆ ಉರಿಯುತ್ತದೆ.

ತಾಯಿಯ ಮೇಲೆ ತಪ್ಪು ಹೊರಿಸುವುದು ನಮ್ಮಲ್ಲಿ ಮಾತ್ರ ಇದ್ದದ್ದಲ್ಲ. ಅಮೆರಿಕದಲ್ಲಿ ಲಿಯೋ ಕ್ಯಾನರ್ ಅನ್ನುವ ವೈದ್ಯ 1943ರಲ್ಲಿ ಇಂಥ ಮಕ್ಕಳ ಬಗ್ಗೆ ಬರೆದ. ಅದಾದ ಮೇಲೆ ವರ್ಷಗಟ್ಟಲೆ ದೊಡ್ಡ ದೊಡ್ಡ ಓದು ಓದಿದವರೇ ‘ತಾಯಿಗೆ ಪ್ರೀತಿ ಸಾಲದು, ಅದಕ್ಕೇ ಮಗು ಹೀಗೆ’ ಅಂದರು. ಆಟಿಸಂ ಇರುವ ಮಗನ ಅಪ್ಪನೂ ಮನಃಶಾಸ್ತ್ರಜ್ಞನೂ ಆಗಿದ್ದ ಬರ್ನಾರ್ಡ್ ರಿಮ್‌ಲ್ಯಾಂಡ್ 1964ರಲ್ಲಿ ಅದನ್ನು ಗಟ್ಟಿಯಾಗಿ ಅಲ್ಲಗಳೆದರು. ಆಟಿಸಂ ಮೆದುಳಿನ ಬೆಳವಣಿಗೆಗೆ ಸೇರಿದ್ದು, ಸಾಕಿದ ರೀತಿಯಿಂದ ಬರುವುದಲ್ಲ. ಲಸಿಕೆಯಿಂದಲೂ ಬರುವುದಿಲ್ಲ. ಹಾಗೊಂದು ಅನುಮಾನ ಹುಟ್ಟಿಸಿದ್ದ 1998ರ ಲೇಖನವನ್ನು ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆ 2010ರಲ್ಲಿ ವಾಪಸ್ ತೆಗೆದುಕೊಂಡಿತು. ಆದರೂ ವಾಟ್ಸಾಪ್‌ನಲ್ಲಿ ಅದು ಇನ್ನೂ ಓಡಾಡುತ್ತಲೇ ಇದೆ.

ದೂರದ ಓಟ ಓಡಿದವರಿಗೆ ಕ್ರೂ, ಅಂದರೆ ಓಡುವವರ ಆಸರೆಗೆ ನಿಲ್ಲುವವರು, ಎಷ್ಟು ಮುಖ್ಯ ಅಂತ ಹೇಳಬೇಕಾಗಿಲ್ಲ. 400 ಮೀಟರ್ ಟ್ರ್ಯಾಕ್‌ನಲ್ಲಿ 100 ಕಿಲೋಮೀಟರ್ ಅಂದರೆ 250 ಸುತ್ತು. ರಾತ್ರಿ ಎರಡು ಗಂಟೆಗೆ ತಲೆ ಓಡುವುದಿಲ್ಲ, ಕಾಲೂ ಓಡುವುದಿಲ್ಲ. ಆಗ ಟ್ರ್ಯಾಕ್ ಪಕ್ಕದಲ್ಲಿ ಒಬ್ಬ ಗೆಳೆಯ ಕೂತಿರುತ್ತಾನೆ. ಉಪ್ಪು ಹಚ್ಚಿದ ಆಲೂಗಡ್ಡೆ ಕೈಗೆ ಇಡುತ್ತಾನೆ, ಓಆರ್‌ಎಸ್ ಕುಡಿಸುತ್ತಾನೆ, ಒದ್ದೆ ಸಾಕ್ಸ್ ಬದಲಾಯಿಸುತ್ತಾನೆ. ‘ಹತ್ತು ನಿಮಿಷ ಮಲಗು, ನಾನು ಎಬ್ಬಿಸ್ತೀನಿ’ ಅನ್ನುತ್ತಾನೆ. ನಮ್ಮ ಇಷ್ಟಕ್ಕೆ ನಾವು ಓಡುವ ಓಟಕ್ಕೇ ಇಷ್ಟೆಲ್ಲ ಆಸರೆ ಬೇಕು. ಪಕ್ಕದ ಮನೆಯ ಆ ಅಮ್ಮನಿಗೆ ‘ನೀವು ಮಲಗಿ, ನಾನು ನೋಡ್ಕೋತೀನಿ’ ಅನ್ನುವವರು ಒಬ್ಬರೂ ಇಲ್ಲ. ಅವರು ಕೆಲಸ ಬಿಟ್ಟು ವರ್ಷಗಳಾದವು. ಮಾತು ಕಲಿಸುವ ಸ್ಪೀಚ್ ಥೆರಪಿ ಒಂದು ಕಡೆ, ದಿನನಿತ್ಯದ ಕೆಲಸ ರೂಢಿ ಮಾಡಿಸುವ ಆಕ್ಯುಪೇಷನಲ್ ಥೆರಪಿ ಇನ್ನೊಂದು ಕಡೆ, ಮಧ್ಯೆ ಈ ಊರಿನ ಟ್ರಾಫಿಕ್. ಅಪ್ಪನದು ಒಂದೇ ಸಂಬಳ.

ಇನ್ನೊಂದು ವಿಷಯ, ಇದು ಓಟ ನಡೆಸುವವರಿಗೆ. ಆಟಿಸಂ ಮಕ್ಕಳಿಗಾಗಿ ಅಂತಲೇ ನಡೆಸಿದ ಒಂದು ಓಟಕ್ಕೆ ಹೋಗಿದ್ದೆ. ಬೆಳಗಿನ ಜಾವಕ್ಕೇ ಆಳೆತ್ತರದ ಸ್ಪೀಕರ್, ಡಿಜೆ, ಮೈಕಿನಲ್ಲಿ ಕೂಗಾಟ. ಬಾವುಟ ತೋರಿಸುವುದಕ್ಕೆ ಒಂದು ಮಗುವನ್ನು ವೇದಿಕೆ ಹತ್ತಿಸಿದರು. ಮಗು ಎರಡೂ ಕಿವಿ ಮುಚ್ಚಿಕೊಂಡಿತ್ತು. ಅದರ ಕೈಗಳ ಮೇಲೆ ಅಮ್ಮ ತನ್ನ ಕೈ ಇಟ್ಟು ಒತ್ತಿ ಹಿಡಿದಿದ್ದರು. ಆ ಹೊತ್ತಿನಲ್ಲೂ ಫೋಟೋದವರು ‘ಮೇಡಂ, ಸ್ವಲ್ಪ ಈ ಕಡೆ ನೋಡಿ’ ಅನ್ನುತ್ತಿದ್ದರು. ಯಾರಿಗೂ ಕೆಟ್ಟ ಉದ್ದೇಶ ಇರಲಿಲ್ಲ. ಆದರೆ ಒಬ್ಬ ತಂದೆಯನ್ನೋ ತಾಯಿಯನ್ನೋ ಮೊದಲೇ ಕೇಳಿದ್ದರೆ, ಸ್ಪೀಕರ್ ಬೇಡ ಅಂತ ಮೊದಲ ಮಾತಿಗೇ ಹೇಳುತ್ತಿದ್ದರು, ಅಲ್ವಾ?

ಬಿಡುವು ಅನ್ನುವುದು ನಾನು ಹೊಸದಾಗಿ ಕೇಳುತ್ತಿರುವುದಲ್ಲ. 1995ರ ಅಂಗವಿಕಲರ ಕಾಯ್ದೆಯಲ್ಲಿ ಆಟಿಸಂನ ಹೆಸರೇ ಇರಲಿಲ್ಲ. ಆಟಿಸಂನಂಥ ಅಂಗವೈಕಲ್ಯ ಇರುವವರಿಗಾಗಿ ನ್ಯಾಷನಲ್ ಟ್ರಸ್ಟ್ ಅನ್ನುವ ಸರ್ಕಾರಿ ಸಂಸ್ಥೆ ಮಾಡಿದ 1999ರ ಕಾಯ್ದೆಯಲ್ಲಿ ಬಂತು. 2016ರ ಕಾಯ್ದೆಯ 21 ಅಂಗವೈಕಲ್ಯಗಳ ಪಟ್ಟಿಯಲ್ಲೂ ಸೇರಿತು. ಹೆಚ್ಚಿನ ನೆರವು ಬೇಕಾದವರ ಆರೈಕೆಗೆ ಭತ್ಯೆ ಕೊಡುವ ಮಾತು ಆ ಕಾಯ್ದೆಯಲ್ಲೇ ಇದೆ. ನ್ಯಾಷನಲ್ ಟ್ರಸ್ಟ್‌ನ ‘ಸಮರ್ಥ್’ ಯೋಜನೆಯ ಒಂದು ಉದ್ದೇಶವೇ ಮನೆಯವರಿಗೆ ಸ್ವಲ್ಪ ಬಿಡುವು ಸಿಗಲಿ ಅನ್ನುವುದು. ಅದರದೇ ‘ನಿರಾಮಯ’ ವಿಮೆಯಲ್ಲಿ 1 ಲಕ್ಷ ರೂಪಾಯಿವರೆಗೆ ರಕ್ಷಣೆ ಇದೆ, ಥೆರಪಿಗೂ ಒಂದಿಷ್ಟು ಸಿಗುತ್ತದೆ. ಇದನ್ನು ಓದುತ್ತಿರುವ ತಂದೆ ತಾಯಂದಿರು ಇನ್ನೂ ಮಾಡಿಸಿಲ್ಲ ಅಂದರೆ ದಯವಿಟ್ಟು ವಿಚಾರಿಸಿ. ಆದರೆ ಕಾಗದದ ಮೇಲೆ ಇರುವುದು ಮನೆ ಬಾಗಿಲಿಗೆ ಬರುವಷ್ಟರಲ್ಲಿ ಮಗು ಬೆಳೆದು ನಿಂತಿರುತ್ತದೆ. 18 ತುಂಬಿದ ಮೇಲೆ ಕಾನೂನು ಪ್ರಕಾರ ಪೋಷಕರು ಯಾರು ಅಂತ ಮಾಡಿಸಿಕೊಳ್ಳುವ ಓಡಾಟ ಬೇರೆ. ‘ನಮ್ಮ ನಂತರ ಇವನಿಗೆ ಯಾರು?’ ಅನ್ನುವ ಪ್ರಶ್ನೆಗಂತೂ ಯಾವ ಕಚೇರಿಯಲ್ಲೂ ಅರ್ಜಿ ಇಲ್ಲ.

ಅದಕ್ಕೇ ಈ ಸಲ ನಮ್ಮ ಗುಂಪು 12 ಗಂಟೆ ಓಡುವಾಗ ಕೆಲವು ವಿಷಯ ಮೊದಲೇ ಗಟ್ಟಿ ಮಾಡಿಕೊಂಡಿದ್ದೇವೆ. ಬಂದ ದುಡ್ಡಿನ ಅರ್ಧ ಮಕ್ಕಳ ಥೆರಪಿಗೆ, ಇನ್ನರ್ಧ ಮನೆಗೆ ಬಂದು ಮಗುವನ್ನು ನೋಡಿಕೊಳ್ಳುವ ತರಬೇತಾದವರ ಸಂಬಳಕ್ಕೆ. ಬರುವವರು ಯಾರು, ಮಗು ಅವರಿಗೆ ಹೊಂದಿಕೊಳ್ಳುತ್ತದೆಯೇ ಅನ್ನುವುದನ್ನು ಅಪ್ಪ ಅಮ್ಮನೇ ನೋಡಿ ಒಪ್ಪಬೇಕು. ಮೊದಲ ಕೆಲವು ಸಲ ಅವರೂ ಮನೆಯಲ್ಲೇ ಇರುತ್ತಾರೆ, ಯಾಕೆಂದರೆ ಹೊಸ ಮುಖಕ್ಕೆ ಒಗ್ಗಲು ಈ ಮಕ್ಕಳಿಗೆ ಸಮಯ ಬೇಕು. ಮಕ್ಕಳ ಫೋಟೋ ಎಲ್ಲೂ ಹಾಕುವುದಿಲ್ಲ. ಡಿಜೆ ಇಲ್ಲ.

ದುಡ್ಡು ಕೊಡುವವರು ನೇರವಾಗಿ, ನಾವು ದುಡ್ಡು ಎತ್ತಿಕೊಡುವ ಸಂಸ್ಥೆಯ ಖಾತೆಗೇ ಹಾಕಿ. ತೆರಿಗೆ ವಿನಾಯಿತಿಗೆ ಬೇಕಾದ 80ಜಿ ರಸೀದಿ ಬರುತ್ತದೆ. ಹಳೆಯ ತೆರಿಗೆ ಪದ್ಧತಿಯಲ್ಲಿ ಇರುವವರಿಗೆ ಅದು ಉಪಯೋಗ, ಆದರೆ 2,000 ರೂಪಾಯಿಗಿಂತ ಹೆಚ್ಚು ನಗದಾಗಿ ಕೊಟ್ಟರೆ ವಿನಾಯಿತಿ ಸಿಗುವುದಿಲ್ಲ. ದುಡ್ಡು ಕೊಡಲು ಆಗದವರು ಗೊತ್ತಿರುವ ಅಂಥ ಮನೆಗೆ ಒಂದು ಫೋನ್ ಮಾಡಿ, ಏನು ಬೇಕು ಅಂತ ಕೇಳಿ. ಸಲಹೆ ಕೊಡಲು ಮಾತ್ರ ಹೋಗಬೇಡಿ.

ಆಟಿಸಂ ಇರುವ ಮಕ್ಕಳ ಅಪ್ಪ ಅಮ್ಮಂದಿರಲ್ಲಿ ನನ್ನದೊಂದು ಕೋರಿಕೆ. ನಿಮಗೆ ವಾರದಲ್ಲಿ ಯಾವ ದಿನ, ಎಷ್ಟು ಹೊತ್ತಿನಿಂದ ಎಷ್ಟು ಹೊತ್ತಿನವರೆಗೆ ಒಬ್ಬರು ಬಂದರೆ ಅನುಕೂಲ ಅಂತ ನನಗೆ ಇನ್‌ಬಾಕ್ಸ್‌ನಲ್ಲಿ ಬರೆಯಿರಿ. ಆ ಹೊತ್ತಿನಲ್ಲಿ ಏನು ಮಾಡುತ್ತೀರಿ ಅಂತ ನಮಗೆ ಹೇಳಬೇಕಾಗಿಲ್ಲ.