ಕೀಲಿಮಣೆ ಜೋಡಿಸಿದ ಟ್ಯಾಬ್ಲೆಟ್ ಲ್ಯಾಪ್‌ಟಾಪಿನ ಜಾಗಕ್ಕೆ ಬಂದೀತೇ?

ಪದವಿ ಪ್ರವೇಶ ಶುರುವಾಗುವ ದಿನಗಳಲ್ಲಿ ದಾವಣಗೆರೆಯ ನಮ್ಮ ಕಾಲೇಜಿಗೆ ಮಕ್ಕಳನ್ನು ಸೇರಿಸಲು ಬರುವ ತಂದೆತಾಯಿಗಳು, ಶುಲ್ಕ ಮತ್ತು ಹಾಸ್ಟೆಲ್ಲಿನ ಮಾತು ಮುಗಿದ ಮೇಲೆ, ಈಚಿನ ವರ್ಷಗಳಲ್ಲಿ ತಪ್ಪದೆ ಕೇಳುವ ಪ್ರಶ್ನೆಯೊಂದಿದೆ: "ಸರ್, ಕೀಬೋರ್ಡ್ ಹಾಕೋ ಟ್ಯಾಬ್ ತಗೊಂಡ್ರೆ ಲ್ಯಾಪ್‌ಟಾಪ್ ಬೇಕಾಗಲ್ಲಂತೆ, ಹೌದೇನ್ರಿ?" ಅಂಗಡಿಯವರು ಹಾಗೆ ಹೇಳಿರುತ್ತಾರೆ, ಜಾಹೀರಾತು ಹಾಗೆ ಹೇಳಿರುತ್ತದೆ, ಮಗ ಅಥವಾ ಮಗಳು ಅದನ್ನೇ ಆಸೆಪಟ್ಟಿರುತ್ತಾರೆ. ಅರವತ್ತು ಎಪ್ಪತ್ತು ಸಾವಿರ ರೂಪಾಯಿ ಈ ಭಾಗದ ಒಂದು ರೈತ ಕುಟುಂಬಕ್ಕೆ ಅಥವಾ ಸಣ್ಣ ವ್ಯಾಪಾರಿಯ ಮನೆಗೆ ಸಣ್ಣ ಮೊತ್ತವಲ್ಲ. ಆದ್ದರಿಂದ ನಿಂತಲ್ಲೇ ಕೊಡುವ ಉತ್ತರದ ಬದಲು ವಿವರವಾಗಿ ಬರೆಯಬೇಕೆನಿಸಿತು. ವಾಣಿಜ್ಯ ಶಾಸ್ತ್ರದ ಅಧ್ಯಾಪಕನಾಗಿ ನನ್ನ ಉತ್ತರ ಇಷ್ಟು: ಓದುವುದಕ್ಕೆ ಮತ್ತು ಟಿಪ್ಪಣಿ ಮಾಡುವುದಕ್ಕೆ ಈ ಯಂತ್ರ ಲ್ಯಾಪ್‌ಟಾಪಿಗಿಂತ ಮೇಲು, ಆದರೆ ನಮ್ಮ ಊರಿನ ಬಹುಪಾಲು ಕೆಲಸಗಳು ಇನ್ನೂ ನಿಂತಿರುವುದು ವಿಂಡೋಸ್ ಕಂಪ್ಯೂಟರಿನ ಮೇಲೆ. ಒಂದೇ ಒಂದನ್ನು ಕೊಳ್ಳಲು ಶಕ್ತಿಯಿರುವ ಮನೆಯವರು ಲ್ಯಾಪ್‌ಟಾಪನ್ನೇ ಕೊಳ್ಳಬೇಕು.

ಮೊದಲು ಈ ಯಂತ್ರಗಳ ಕುಲ ಯಾವುದೆಂದು ನೋಡೋಣ, ಏಕೆಂದರೆ ಗೊಂದಲವೆಲ್ಲ ಹುಟ್ಟುವುದು ಅಲ್ಲಿಯೇ. ಅಂಗಡಿಯ ಮೇಜಿನ ಮೇಲೆ ಒಂದೇ ರೀತಿ ಕಾಣುವ ಈ ಟ್ಯಾಬ್ಲೆಟ್‌ಗಳಲ್ಲಿ ಎರಡು ಬೇರೆ ಬೇರೆ ಜಾತಿಗಳಿವೆ. ಒಂದು, ಪೂರ್ಣ ವಿಂಡೋಸ್ ಇರುವ ಲ್ಯಾಪ್‌ಟಾಪನ್ನೇ ತೆಳ್ಳಗೆ ಮಾಡಿ ಕೀಲಿಮಣೆ ಕಳಚುವಂತೆ ರೂಪಿಸಿದ್ದು. ಮೈಕ್ರೋಸಾಫ್ಟಿನ ಸರ್ಫೇಸ್ ಪ್ರೊ ಈ ಸಾಲಿನದು. ಇನ್ನೊಂದು, ಮೊಬೈಲಿನ ವಂಶದಲ್ಲಿ ಹುಟ್ಟಿ ಆಮೇಲೆ ಕೀಲಿಮಣೆ ಪಡೆದದ್ದು. ಐಪ್ಯಾಡ್ ಮತ್ತು ಆಂಡ್ರಾಯ್ಡ್ ಟ್ಯಾಬ್ಲೆಟ್‌ಗಳು ಈ ಕಡೆಯವು. ಹೊರನೋಟ ಒಂದೇ ಆದರೂ ಒಳಗೆ ನಡೆಯುವ ತಂತ್ರಾಂಶ ಬೇರೆಯಾದರೆ ಏನಾಗುತ್ತದೆ ಎಂಬುದಕ್ಕೆ ಮೈಕ್ರೋಸಾಫ್ಟ್ ಕಂಪನಿಯ ಸ್ವಂತ ಅನುಭವವೇ ಸಾಕ್ಷಿ. 2012ರ ಅಕ್ಟೋಬರ್‌ನಲ್ಲಿ ಅದು ತಂದ ಮೊದಲ ಸರ್ಫೇಸ್‌ನಲ್ಲಿ ವಿಂಡೋಸ್ ಆರ್‌ಟಿ ಎಂಬ ಆವೃತ್ತಿ ಇತ್ತು. ನೋಡಲು ವಿಂಡೋಸ್‌ನಂತೆಯೇ ಇದ್ದರೂ, ಜನರು ವರ್ಷಗಳಿಂದ ಬಳಸುತ್ತಿದ್ದ ಸಾಮಾನ್ಯ ವಿಂಡೋಸ್ ತಂತ್ರಾಂಶಗಳನ್ನು ಅದರಲ್ಲಿ ಹಾಕಿಕೊಳ್ಳಲು ಆಗುತ್ತಿರಲಿಲ್ಲ. ಮರುವರ್ಷ ಆ ಕಂಪನಿ ಮಾರಾಟವಾಗದೆ ಉಳಿದ ಸರಕಿನ ಬಾಬ್ತು 90 ಕೋಟಿ ಡಾಲರ್ ನಷ್ಟವನ್ನು ಲೆಕ್ಕಕ್ಕೆ ತೆಗೆದುಕೊಂಡಿತು. 2013ರ ಫೆಬ್ರುವರಿಯಲ್ಲಿ ಬಂದ ಸರ್ಫೇಸ್ ಪ್ರೊ ಪೂರ್ಣ ವಿಂಡೋಸ್ ಹೊಂದಿತ್ತು, ಹಾಗಾಗಿ ಆ ಸಾಲು ಉಳಿದು ಬೆಳೆಯಿತು.

ಆಪಲ್ ಕಂಪನಿಯ ಕಥೆ ಇನ್ನೂ ಕುತೂಹಲದ್ದು. 2015ರಲ್ಲಿ ಐಪ್ಯಾಡ್ ಪ್ರೊಗೆ ಕೀಲಿಮಣೆ ಮತ್ತು ಪೆನ್ಸಿಲ್ ಬಂದವು, 2020ರಲ್ಲಿ ಟ್ರ್ಯಾಕ್‌ಪ್ಯಾಡ್ ಬಂತು, 2021ರಲ್ಲಿ ಅದೇ ಕಂಪನಿಯ ಲ್ಯಾಪ್‌ಟಾಪಿನಲ್ಲಿದ್ದ ಎಂ1 ಚಿಪ್ಪೇ ಐಪ್ಯಾಡಿನೊಳಗೂ ಬಂತು. ಅಂದರೆ ಶಕ್ತಿಯ ದೃಷ್ಟಿಯಿಂದ ಎರಡೂ ಸಮಾನವಾದವು. ಆದರೂ ಮ್ಯಾಕ್‌ಬುಕ್‌ಗೆಂದು ಬರೆದ ತಂತ್ರಾಂಶ ಐಪ್ಯಾಡಿನಲ್ಲಿ ನಡೆಯಲಿಲ್ಲ. ಎಷ್ಟು ಜಿಬಿ, ಎಷ್ಟು ಕೋರ್ ಎಂದು ವಿಚಾರಿಸುವ ಪೋಷಕರು ಗಮನಿಸಬೇಕಾದ ಸಂಗತಿ ಇದು: ಯಂತ್ರದ ವೇಗ ಈಗ ಯಾರಿಗೂ ಅಡ್ಡಿಯಾಗಿಲ್ಲ, ಅದರೊಳಗೆ ಯಾವ ಕೆಲಸಕ್ಕೆ ಪ್ರವೇಶವಿದೆ ಎಂಬುದೇ ಮುಖ್ಯ.

ಟ್ಯಾಬ್ಲೆಟ್ಟಿನ ಪರವಾಗಿ ಹೇಳಬೇಕಾದ್ದನ್ನು ಮನಸಾರೆ ಹೇಳುತ್ತೇನೆ, ಏಕೆಂದರೆ ನನ್ನ ಕೆಲಸದ ಒಂದು ಭಾಗವನ್ನು ಅದು ನಿಜಕ್ಕೂ ಹಗುರ ಮಾಡಿದೆ. ಸ್ನಾತಕೋತ್ತರ ವಿದ್ಯಾರ್ಥಿಗಳ ಪ್ರಾಜೆಕ್ಟ್ ವರದಿಗಳನ್ನು ತಿದ್ದುವಾಗ ನಾನು ಪಿಡಿಎಫ್ ಪುಟದ ಮೇಲೆಯೇ ಪೆನ್ನಿನಿಂದ ಬರೆಯುತ್ತೇನೆ. ಕೋಷ್ಟಕದ ಮೊತ್ತ ಮೇಲಿನ ಸಾಲುಗಳಿಗೆ ಹೊಂದದಿದ್ದರೆ ಆ ಅಂಕಿಗೆ ಸುತ್ತು ಹಾಕಿ, ಅಂಚಿನವರೆಗೆ ಗೆರೆ ಎಳೆದು, "ಇದು ಯಾವ ವರ್ಷದ್ದು?" ಎಂದು ಕೈಬರಹದಲ್ಲಿ ಕೇಳುತ್ತೇನೆ. ಒತ್ತಕ್ಷರ ತಪ್ಪಾಗಿದ್ದರೆ ಅಕ್ಷರದ ಕೆಳಗೇ ಸರಿಯಾದುದನ್ನು ಬರೆಯುತ್ತೇನೆ. ಮುದ್ರಿತ ಪ್ರತಿಯ ಮೇಲೆ ಕೆಂಪು ಶಾಯಿಯಲ್ಲಿ ತಿದ್ದಿದಷ್ಟೇ ಸಹಜವಾಗಿ ಈ ಕೆಲಸ ನಡೆಯುತ್ತದೆ. ಮುಗಿಸಿದ ಕ್ಷಣವೇ ಹಿರಿಯೂರಿನಲ್ಲಿಯೋ ಹರಪನಹಳ್ಳಿಯಲ್ಲಿಯೋ ಮನೆಯಲ್ಲಿ ಕುಳಿತ ವಿದ್ಯಾರ್ಥಿಗೆ ಅದು ತಲುಪುತ್ತದೆ. ಲ್ಯಾಪ್‌ಟಾಪಿನಲ್ಲಿ ಮೌಸ್ ಹಿಡಿದು ಒಂದೊಂದು ಟಿಪ್ಪಣಿಯ ಪೆಟ್ಟಿಗೆ ತೆರೆದು ಟೈಪಿಸುವುದಕ್ಕೂ ಇದಕ್ಕೂ ಹೋಲಿಕೆಯೇ ಇಲ್ಲ.

ಹಾಗೆಯೇ ನಮ್ಮೂರಿನ ವೈದ್ಯಕೀಯ ಕಾಲೇಜುಗಳಲ್ಲಿ ಓದುವ ಮಕ್ಕಳಿಗೆ ಟ್ಯಾಬ್ಲೆಟ್ ಒಂದೇ ಸಾಕೆಂದು ಧೈರ್ಯವಾಗಿ ಹೇಳಬಲ್ಲೆ. ಅವರ ದಿನದ ಬಹುಪಾಲು ಹೋಗುವುದು ದಪ್ಪ ಪುಸ್ತಕಗಳನ್ನು ಓದುವುದರಲ್ಲಿ, ಚಿತ್ರಗಳ ಮೇಲೆ ಗುರುತು ಮಾಡುವುದರಲ್ಲಿ, ಉಪನ್ಯಾಸಗಳ ವೀಡಿಯೊ ನೋಡುವುದರಲ್ಲಿ. ಕೆಎಎಸ್, ಪಿಡಿಒ, ಬ್ಯಾಂಕ್ ಪರೀಕ್ಷೆಗಳಿಗೆ ಓದುವವರಿಗೂ ಇದೇ ಮಾತು ಅನ್ವಯಿಸುತ್ತದೆ. ಅವರಿಗೆ ಕೀಲಿಮಣೆಯೂ ಬೇಡ, ದುಬಾರಿ ಯಂತ್ರವೂ ಬೇಡ.

ಈಗ ವಾಣಿಜ್ಯ ವಿದ್ಯಾರ್ಥಿಯ ವಿಷಯಕ್ಕೆ ಬರುತ್ತೇನೆ. ಬಿ.ಕಾಂ ಮುಗಿಸಿದ ನಮ್ಮ ಹುಡುಗ ಹುಡುಗಿಯರಲ್ಲಿ ಬಹಳಷ್ಟು ಮಂದಿ ಮೊದಲು ಸೇರುವುದು ಲೆಕ್ಕಪರಿಶೋಧಕರ ಕಚೇರಿಗೆ ಅಥವಾ ಮಂಡಿಪೇಟೆ, ಎಪಿಎಂಸಿ ಕಡೆಯ ಅಂಗಡಿಗಳಿಗೆ. ಅಲ್ಲಿ ಲೆಕ್ಕ ನಡೆಯುವುದು ಟ್ಯಾಲಿಯಲ್ಲಿ. ಟ್ಯಾಲಿ ವಿಂಡೋಸ್‌ಗಾಗಿ ಬರೆದ ತಂತ್ರಾಂಶ. ಐಪ್ಯಾಡಿನಲ್ಲಾಗಲಿ ಆಂಡ್ರಾಯ್ಡ್ ಟ್ಯಾಬ್ಲೆಟ್ಟಿನಲ್ಲಾಗಲಿ ಅದನ್ನು ಲ್ಯಾಪ್‌ಟಾಪಿನಂತೆ ಹಾಕಿಕೊಂಡು ವೋಚರ್ ಬರೆಯಲಾಗದು. ಬ್ರೌಸರಿನಲ್ಲಿ ವರದಿ ನೋಡುವುದು ಮಾಲೀಕರಿಗೆ ಸಾಕಾಗಬಹುದು, ಆದರೆ ಲೆಕ್ಕ ಬರೆಯುವವನಿಗೆ ಸಾಲದು. ಮೆಕ್ಕೆಜೋಳದ ಆವಕ ಜೋರಾಗಿರುವ ದಿನಗಳಲ್ಲಿ ಯಾವುದಾದರೂ ದಲಾಲಿ ಅಂಗಡಿಯ ಗುಮಾಸ್ತರ ಪಕ್ಕದಲ್ಲಿ ಸ್ವಲ್ಪ ಹೊತ್ತು ಕುಳಿತು ನೋಡಿ. ಎಡಗೈ ಬೆರಳು ತೂಕದ ಚೀಟಿಯ ಮೇಲೆ ಸಾಲಿನಿಂದ ಸಾಲಿಗೆ ಇಳಿಯುತ್ತಿರುತ್ತದೆ, ಕಣ್ಣು ಚೀಟಿಯಿಂದ ಕದಲುವುದಿಲ್ಲ, ಬಲಗೈ ಕೀಲಿಮಣೆಯ ಬಲತುದಿಯ ಅಂಕಿ ಕೀಲಿಗಳ ಮೇಲೆ ತಾನಾಗಿಯೇ ಓಡುತ್ತಿರುತ್ತದೆ. ಐದರ ಕೀಲಿಯ ಮೇಲಿನ ಸಣ್ಣ ಉಬ್ಬು ಬೆರಳಿಗೆ ದಾರಿ ತೋರಿಸುತ್ತದೆ. ಟ್ಯಾಬ್ಲೆಟ್ ಜೊತೆ ಮಾರುವ ತೆಳ್ಳನೆಯ ಕೀಲಿಮಣೆಗಳಲ್ಲಿ ಆ ಅಂಕಿಗಳ ವಿಭಾಗ ಸಾಮಾನ್ಯವಾಗಿ ಇರುವುದೇ ಇಲ್ಲ. ಹದಿನೈದು ಇಂಚಿನ ಸಾಧಾರಣ ಲ್ಯಾಪ್‌ಟಾಪಿನಲ್ಲಿ ಹಲವು ಬಾರಿ ಇರುತ್ತದೆ. ಓದುವ ಕಾಲದಲ್ಲೇ ಮಗುವಿನ ಬಲಗೈ ಈ ಅಭ್ಯಾಸ ಪಡೆಯುವುದು ಕೆಲಸ ಸಿಗುವ ದಿನ ಉಪಯೋಗಕ್ಕೆ ಬರುತ್ತದೆ.

ಇದರ ಜೊತೆಗೆ ಡಿಜಿಟಲ್ ಸಹಿಯ ವಿಚಾರವಿದೆ. ಕಂಪನಿಗಳು ಮತ್ತು ಎಲ್‌ಎಲ್‌ಪಿಗಳು (ಸೀಮಿತ ಹೊಣೆಗಾರಿಕೆಯ ಪಾಲುದಾರಿಕೆ ಸಂಸ್ಥೆಗಳು) ಜಿಎಸ್‌ಟಿ ರಿಟರ್ನ್ ಸಲ್ಲಿಸುವಾಗ, ಗುತ್ತಿಗೆದಾರರು ಇ-ಟೆಂಡರ್ ಹಾಕುವಾಗ, ಪೆನ್‌ಡ್ರೈವಿನಂತಹ ಡಿಎಸ್‌ಸಿ (ಡಿಜಿಟಲ್ ಸಹಿ ಪ್ರಮಾಣಪತ್ರ) ಟೋಕನ್ನನ್ನು ಕಂಪ್ಯೂಟರಿಗೆ ಚುಚ್ಚಿ ಸಹಿ ಮಾಡುತ್ತಾರೆ. ಆ ಟೋಕನ್ನಿಗೆ ಅದರದೇ ಡ್ರೈವರ್ (ಸಾಧನವನ್ನು ಕಂಪ್ಯೂಟರಿಗೆ ಪರಿಚಯಿಸುವ ತಂತ್ರಾಂಶ) ಬೇಕು, ಸಹಿಯನ್ನು ಜಾಲತಾಣಕ್ಕೆ ತಲುಪಿಸುವ ಇನ್ನೊಂದು ಸಣ್ಣ ತಂತ್ರಾಂಶವೂ ಬೇಕು. ಇಲ್ಲಿ ಪೂರ್ಣ ವಿಂಡೋಸ್ ಟ್ಯಾಬ್ಲೆಟ್ ಕೊಳ್ಳುವವರಿಗೂ ಒಂದು ಎಚ್ಚರಿಕೆ ಹೇಳಬೇಕು. 2024ರಿಂದ ಬರುತ್ತಿರುವ ಹಲವು ವಿಂಡೋಸ್ ಟ್ಯಾಬ್ಲೆಟ್‌ಗಳಲ್ಲಿ ಇಂಟೆಲ್ ಬದಲು ಸ್ನಾಪ್‌ಡ್ರ್ಯಾಗನ್ ಚಿಪ್ ಇರುತ್ತದೆ. ಬ್ಯಾಟರಿ ಚೆನ್ನಾಗಿ ಬಾಳುತ್ತದೆ, ಹಳೆಯ ತಂತ್ರಾಂಶಗಳನ್ನು ಆ ಚಿಪ್ಪಿಗೆ ಒಗ್ಗಿಸಿ ನಡೆಸುವ ವ್ಯವಸ್ಥೆಯೂ ವಿಂಡೋಸ್‌ನಲ್ಲಿದೆ. ಆದರೆ ಡ್ರೈವರ್‌ಗಳಿಗೆ ಆ ವ್ಯವಸ್ಥೆ ಅನ್ವಯಿಸುವುದಿಲ್ಲ, ಅವನ್ನು ಆ ಚಿಪ್ಪಿಗೆಂದೇ ಬರೆದಿರಬೇಕು. ಕಚೇರಿಯಲ್ಲಿ ಹತ್ತು ವರ್ಷದಿಂದಿರುವ ಪ್ರಿಂಟರ್, ಸ್ಕ್ಯಾನರ್, ಬೆರಳಚ್ಚಿನ ಸಾಧನ, ಈ ಟೋಕನ್ ಇವುಗಳಿಗೆ ಅಂಥ ಡ್ರೈವರ್ ಇದೆಯೇ ಎಂದು ಖಚಿತಪಡಿಸಿಕೊಳ್ಳದೆ ಹಣ ಕೊಡಬಾರದು.

ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಾಡುವುದು ಕನ್ನಡದ ಪ್ರಶ್ನೆ. ರಾಜ್ಯ ಸರ್ಕಾರದ ಕಚೇರಿಗಳಲ್ಲಿ ಕನ್ನಡ ಗಣಕ ಪರಿಷತ್ತು ರೂಪಿಸಿದ ನುಡಿ ಎಂಬ ಕನ್ನಡ ಬರೆಯುವ ತಂತ್ರಾಂಶ ನೆಲೆಯೂರಿದೆ, ಕೆ.ಪಿ. ರಾವ್ ಅವರ ವಿನ್ಯಾಸವನ್ನು ಆಧರಿಸಿದ ಅದರ ಕೀಲಿಮಣೆಗೆ ಸಾವಿರಾರು ಜನರ ಬೆರಳುಗಳು ಒಗ್ಗಿವೆ. ನುಡಿಯ ಈಚಿನ ಆವೃತ್ತಿಗಳಲ್ಲಿ ಯೂನಿಕೋಡ್, ಅಂದರೆ ಎಲ್ಲ ಯಂತ್ರಗಳೂ ಒಂದೇ ರೀತಿ ಗುರುತಿಸುವ ಅಕ್ಷರ ಸಂಕೇತ, ಇದೆ. ಆದರೆ ಹಳೆಯ ಕಡತಗಳು, ಅರ್ಜಿ ನಮೂನೆಗಳು, ಸಂಘಸಂಸ್ಥೆಗಳ ನಡಾವಳಿಗಳು ಯೂನಿಕೋಡ್ ಅಲ್ಲದ ಹಳೆಯ ಅಕ್ಷರಶೈಲಿಯಲ್ಲೇ ಉಳಿದಿವೆ. ಆ ಪದ್ಧತಿಯಲ್ಲಿ ಕನ್ನಡ ಅಕ್ಷರದ ತುಂಡುಗಳನ್ನು ರೋಮನ್ ಅಕ್ಷರಗಳ ಸ್ಥಾನದಲ್ಲಿ ಕೂರಿಸಿರುವುದರಿಂದ, ಅಕ್ಷರಶೈಲಿ ಇಲ್ಲದ ಟ್ಯಾಬ್ಲೆಟ್ಟಿನಲ್ಲಿ ಕಡತ ತೆರೆದರೆ ಕಾಣುವುದು ಅರ್ಥವಿಲ್ಲದ ಪರಭಾಷೆಯ ಗುರುತುಗಳ ಸಾಲು. ಅಕ್ಷರಶೈಲಿಯನ್ನು ಹೇಗೋ ಅಳವಡಿಸಿ ಓದಿಕೊಂಡರೂ, ಅದೇ ಪದ್ಧತಿಯಲ್ಲಿ ತಿದ್ದಿ ಬರೆಯಲು ಬೇಕಾದ ವಿಂಡೋಸ್‌ನ ನುಡಿ ಅಲ್ಲಿ ಇರುವುದಿಲ್ಲ.

ಡಿಟಿಪಿ ಅಂಗಡಿಗಳ ಸ್ಥಿತಿಯೂ ಇದೇ. ಅಶೋಕ ರಸ್ತೆಯ ಸುತ್ತಮುತ್ತ ಮದುವೆಯ ದಿನಗಳಲ್ಲಿ ಲಗ್ನಪತ್ರಿಕೆ ಮಾಡಿಸಲು ಹೋದರೆ, ಅಂಗಡಿಯವರು ಪುಟ ವಿನ್ಯಾಸದ ಪೇಜ್‌ಮೇಕರ್ ತಂತ್ರಾಂಶ ತೆರೆಯುವುದನ್ನು ಈಗಲೂ ಕಾಣಬಹುದು. ಆ ತಂತ್ರಾಂಶದ ಕೊನೆಯ ಆವೃತ್ತಿ ಬಂದದ್ದು 2001ರಲ್ಲಿ. ಅದಕ್ಕೆ ಯೂನಿಕೋಡ್ ಗೊತ್ತಿಲ್ಲ. ಟ್ಯಾಬ್ಲೆಟ್ಟಿನಲ್ಲಿ ಯೂನಿಕೋಡ್ ಕನ್ನಡದಲ್ಲಿ ಅಚ್ಚುಕಟ್ಟಾಗಿ ಬರೆದುಕೊಂಡು ಹೋದ ಮಜಕೂರನ್ನು ಅವರು ಪರಿವರ್ತಕಕ್ಕೆ ಹಾಕುತ್ತಾರೆ, ನಂತರ ಅರ್ಕಾವತ್ತು ಸ್ಥಾನ ತಪ್ಪಿದ ಕಡೆಗಳನ್ನು ಒಂದೊಂದಾಗಿ ಸರಿಪಡಿಸುತ್ತಾರೆ, ಅಥವಾ ಬೇಸರಪಟ್ಟು ಮೊದಲಿನಿಂದ ಟೈಪಿಸುತ್ತಾರೆ. ಅವರನ್ನು ದೂರುವುದು ನ್ಯಾಯವಲ್ಲ. ಇಪ್ಪತ್ತು ವರ್ಷಗಳ ಮಾದರಿ ಪತ್ರಿಕೆಗಳು, ದೇವರ ಚಿತ್ರಗಳು, ಅಂಚುಗಳು ಎಲ್ಲವೂ ಆ ತಂತ್ರಾಂಶದಲ್ಲಿ ಶೇಖರವಾಗಿವೆ, ಅವರ ಜೀವನೋಪಾಯ ಅದರ ಮೇಲಿದೆ. ನಮ್ಮ ಕಚೇರಿಗಳೂ ಮುದ್ರಣಾಲಯಗಳೂ ಪೂರ್ತಿಯಾಗಿ ಯೂನಿಕೋಡಿಗೆ ಬಂದ ದಿನ ನನ್ನ ಸಲಹೆಯ ಅರ್ಧಭಾಗವನ್ನು ಬದಲಿಸಲು ಸಿದ್ಧನಿದ್ದೇನೆ, ಆ ದಿನ ಬೇಗ ಬರಲಿ ಎಂದು ಹಾರೈಸುತ್ತೇನೆ ಕೂಡ.

ರಾಜ್ಯ ಸರ್ಕಾರವು 2021ರಲ್ಲಿ ಸರ್ಕಾರಿ ಪದವಿ, ಪಾಲಿಟೆಕ್ನಿಕ್ ಮತ್ತು ಇಂಜಿನಿಯರಿಂಗ್ ಕಾಲೇಜುಗಳ ವಿದ್ಯಾರ್ಥಿಗಳಿಗೆ ಟ್ಯಾಬ್ಲೆಟ್ ಹಂಚಿದ್ದು ಹಲವರಿಗೆ ನೆನಪಿರಬಹುದು. ಅದಕ್ಕೂ ಮೊದಲು ಪದವಿ ಕಾಲೇಜುಗಳಲ್ಲಿ ಲ್ಯಾಪ್‌ಟಾಪ್ ಕೊಡಲಾಗಿತ್ತು. ಕೊರೊನಾ ಕಾಲದಲ್ಲಿ ಆನ್‌ಲೈನ್ ಪಾಠ ಕೇಳಲು ಆ ಟ್ಯಾಬ್ಲೆಟ್‌ಗಳು ನಿಜವಾಗಿ ನೆರವಾದವು, ಮನೆಯಲ್ಲಿ ಇರುವ ಒಂದೇ ಮೊಬೈಲಿಗಾಗಿ ಅಣ್ಣತಂಗಿಯರು ಕಾಯುವುದು ತಪ್ಪಿತು. ಆದರೆ ಕೊನೆಯ ಸೆಮಿಸ್ಟರಿನ ಪ್ರಾಜೆಕ್ಟ್ ವರದಿಯ ಹೊತ್ತಿಗೆ, ನಾನು ಕಂಡಂತೆ, ಟ್ಯಾಬ್ಲೆಟ್ ಪಡೆದ ಮಕ್ಕಳು ಡಿಟಿಪಿ ಅಂಗಡಿಯ ಮುಂದೆ ಸಾಲುಗಟ್ಟಿದರು, ಲ್ಯಾಪ್‌ಟಾಪ್ ಪಡೆದವರು ಹಾಸ್ಟೆಲ್ಲಿನಲ್ಲೇ ವರದಿ ಸಿದ್ಧಮಾಡಿ ಗೆಳೆಯರದ್ದನ್ನೂ ಮಾಡಿಕೊಟ್ಟರು. ಇಂಜಿನಿಯರಿಂಗ್ ಮಕ್ಕಳ ಬಗ್ಗೆ ಹೆಚ್ಚು ಹೇಳುವ ಅಗತ್ಯವಿಲ್ಲ: ನಕ್ಷೆ ಬಿಡಿಸುವ ಆಟೋಕ್ಯಾಡ್‌ನ ಪೂರ್ಣ ಆವೃತ್ತಿಯಾಗಲಿ ಮೊಬೈಲ್ ಆ್ಯಪ್ ರಚಿಸುವ ಆಂಡ್ರಾಯ್ಡ್ ಸ್ಟುಡಿಯೋ ಆಗಲಿ ಐಪ್ಯಾಡಿನಲ್ಲಿ ನಡೆಯುವುದಿಲ್ಲ.

ಬೆಲೆ ಮತ್ತು ತೂಕದ ಮಾತೂ ಇದೆ. ಟ್ಯಾಬ್ಲೆಟ್ಟಿನ ಜಾಹೀರಾತಿನಲ್ಲಿ ಕಾಣುವ ಬೆಲೆಯಲ್ಲಿ ಬಹಳ ಬಾರಿ ಕೀಲಿಮಣೆಯೂ ಪೆನ್ನೂ ಸೇರಿರುವುದಿಲ್ಲ. ಐಪ್ಯಾಡ್ ಪ್ರೊಗೆ ಆಪಲ್ ಕಂಪನಿಯೇ ಮಾರುವ ಮ್ಯಾಜಿಕ್ ಕೀಬೋರ್ಡಿನ ಬೆಲೆ ಮೂವತ್ತು ಸಾವಿರ ರೂಪಾಯಿಯ ಆಸುಪಾಸು; ಆ ಹಣಕ್ಕೆ ಒಂದು ಸಾಧಾರಣ ಲ್ಯಾಪ್‌ಟಾಪೇ ಬರುತ್ತದೆ. ದೊಡ್ಡ ಐಪ್ಯಾಡಿಗೆ 2020ರಲ್ಲಿ ಬಂದ ಆ ಕೀಲಿಮಣೆಯೊಂದೇ ಸುಮಾರು 700 ಗ್ರಾಂ ತೂಗುತ್ತಿತ್ತು. ಎರಡನ್ನೂ ಸೇರಿಸಿದರೆ ಮ್ಯಾಕ್‌ಬುಕ್ ಏರ್‌ಗಿಂತ ಭಾರವಾಗುತ್ತಿತ್ತು. ಹಿಂದೆ ಕಾಲು ಚಾಚಿ ನಿಲ್ಲುವ ಸರ್ಫೇಸ್ ಮಾದರಿಯ ಯಂತ್ರ ಮೇಜಿನ ಮೇಲೆ ಚೆಂದ, ಆದರೆ ಚಿತ್ರದುರ್ಗದ ಬಸ್ಸಿನಲ್ಲಿ ತೊಡೆಯ ಮೇಲಿಟ್ಟು ಬರೆಯಹೋದರೆ ಬ್ರೇಕ್ ಹಾಕಿದಾಗಲೆಲ್ಲ ಮುಂದಕ್ಕೆ ಜಾರುತ್ತದೆ.

ಇನ್ನು ದುರಸ್ತಿ. ಸಾಧಾರಣ ಲ್ಯಾಪ್‌ಟಾಪಿನ ಕೀಲಿಮಣೆ, ಬ್ಯಾಟರಿ, ಕಡತಗಳನ್ನು ಶೇಖರಿಸುವ ಎಸ್‌ಎಸ್‌ಡಿಗಳನ್ನು ನಮ್ಮೂರಿನಲ್ಲೇ ಒಂದು ಮಧ್ಯಾಹ್ನದೊಳಗೆ ಬದಲಿಸಿಕೊಡುವ ಹುಡುಗರಿದ್ದಾರೆ. ಟ್ಯಾಬ್ಲೆಟ್‌ಗಳ ಪರದೆಯನ್ನು ಬಹುತೇಕ ಅಂಟಿನಿಂದ ಕೂರಿಸಿರುತ್ತಾರೆ, ಬ್ಯಾಟರಿ ಬದಲಿಸಲು ಆ ಗಾಜನ್ನು ಬಿಸಿಮಾಡಿ ಎಬ್ಬಿಸಬೇಕು, ಅಲ್ಲಿ ಕೈ ತಪ್ಪಿದರೆ ಗಾಜೇ ಹೋಗುತ್ತದೆ. ಫ್ಯಾನ್ ಇಲ್ಲದ ಯಂತ್ರಗಳು ಬಿಸಿಯೇರಿದಾಗ ತಮ್ಮ ವೇಗವನ್ನು ತಾವೇ ತಗ್ಗಿಸಿಕೊಳ್ಳುತ್ತವೆ; ನಮ್ಮ ಏಪ್ರಿಲ್ ತಿಂಗಳ ಬಿಸಿಲು ಎಂಥದ್ದೆಂದು ಇಲ್ಲಿಯವರಿಗೆ ಹೇಳಬೇಕಿಲ್ಲ.

ಆದ್ದರಿಂದ ನನ್ನನ್ನು ಕೇಳುವ ಪೋಷಕರಿಗೆ ನಾನು ಹೇಳುವುದಿಷ್ಟು. ಬಿ.ಕಾಂ, ಬಿಬಿಎ, ಬಿಸಿಎ, ಇಂಜಿನಿಯರಿಂಗ್ ಓದುವ ಮಗುವಿಗೆ ಪೂರ್ಣ ವಿಂಡೋಸ್ ಇರುವ, ಸಾಧ್ಯವಾದರೆ 16 ಜಿಬಿ ರ‍್ಯಾಮ್ ಇರುವ ಲ್ಯಾಪ್‌ಟಾಪ್ ಕೊಡಿಸಿ. ಪೆನ್ನಿನಿಂದ ಬರೆಯುವ ಸೌಕರ್ಯ ಬೇಕೇ ಬೇಕೆಂದರೆ ಪರದೆ ಪೂರ್ತಿ ಹಿಂದಕ್ಕೆ ಮಡಚುವ ಲ್ಯಾಪ್‌ಟಾಪ್‌ಗಳಿವೆ, ಅವುಗಳ ಕೀಲಿಮಣೆ ಕಳಚುವುದಿಲ್ಲ, ತೊಡೆಯ ಮೇಲೂ ಗಟ್ಟಿಯಾಗಿ ಕೂರುತ್ತವೆ. ಕೊಳ್ಳುವ ಮೊದಲು ಆ ಮಾದರಿಯ ಪರದೆ ಪೆನ್ನನ್ನು ಗುರುತಿಸುತ್ತದೆಯೇ ಎಂದು ಅಂಗಡಿಯಲ್ಲೇ ಬರೆದು ನೋಡಿ, ಏಕೆಂದರೆ ಬೆರಳಿನ ಸ್ಪರ್ಶಕ್ಕೆ ಸ್ಪಂದಿಸುವ ಎಲ್ಲ ಪರದೆಗಳೂ ಪೆನ್ನಿಗೆ ಸ್ಪಂದಿಸುವುದಿಲ್ಲ. ಮನೆಯಲ್ಲಿ ಅಣ್ಣನದೋ ಅಕ್ಕನದೋ ಹಳೆಯ ಲ್ಯಾಪ್‌ಟಾಪ್ ಇದ್ದರೆ ಅದಕ್ಕೊಂದು ಎಸ್‌ಎಸ್‌ಡಿ ಹಾಕಿಸಿ ಟ್ಯಾಲಿ, ನುಡಿ, ಪ್ರಾಜೆಕ್ಟ್ ಕೆಲಸಗಳಿಗೆ ಇಟ್ಟುಕೊಳ್ಳಿ. ಆಗ ಮಾತ್ರ ಓದಿಗಾಗಿ ಒಂದು ಟ್ಯಾಬ್ಲೆಟ್ ಕೊಳ್ಳುವುದು ಸರಿ, ಅದೂ ಇಪ್ಪತ್ತು ಇಪ್ಪತ್ತೈದು ಸಾವಿರದೊಳಗಿನದು ಸಾಕು. ಈಗಾಗಲೇ ದುಬಾರಿ ಟ್ಯಾಬ್ಲೆಟ್ ಕೊಂಡವರು ಚಿಂತಿಸಬೇಕಾಗಿಲ್ಲ, ಕಾಲೇಜಿನ ಗಣಕ ಪ್ರಯೋಗಾಲಯದಲ್ಲಿ ಟ್ಯಾಲಿಯ ಅಭ್ಯಾಸಕ್ಕೆ ಬಿಡುವಿನ ಅವಧಿಗಳಿರುತ್ತವೆ. ಆಯಾ ಕಾಲೇಜಿನಲ್ಲಿ ವಿಚಾರಿಸಿ ಮಕ್ಕಳ ಹೆಸರನ್ನು ಮೊದಲೇ ಬರೆಸಿಡಿ.