ಆ ಮೂರು ಮೊಬೈಲ್‌ಗಳು

ಹೋದ ಚಳಿಗಾಲದಲ್ಲಿ ಕೋಪನ್‌ಹೇಗನ್‌ನ ನಮ್ಮ ಕಟ್ಟಡದ ಮೆಟ್ಟಿಲ ಬಳಿ ನೆರೆಮನೆಯ ಹಿರಿಯರೊಬ್ಬರು ಕುಸಿದುಬಿದ್ದರು. 112ಕ್ಕೆ ಕರೆ ಮಾಡಿದೆ. ಉಸಿರಾಡುತ್ತಿದ್ದಾರೆಯೇ ಎಂದು ಆ ತುದಿಯ ನರ್ಸ್ ಕೇಳಿದರು. ಹೌದು ಎಂದೆ. ಹೇಗೆ ಎಂದರು. ಆಗೊಮ್ಮೆ ಈಗೊಮ್ಮೆ ಬಾಯಿ ತೆರೆದು, ಗೊರಕೆಯಂತೆ ಎಳೆದುಕೊಳ್ಳುತ್ತಿದ್ದಾರೆ ಎಂದೆ. ‘ಅದು ಉಸಿರಲ್ಲ, ಎದೆ ಒತ್ತಲು ಶುರುಮಾಡಿ’ ಎಂದರು.

ಅಷ್ಟರಲ್ಲಿ ಮೇಲಿನ ಮಹಡಿಯ ಹುಡುಗಿ ಓಡಿಬಂದಳು. ಆಮೇಲೆಯೇ ನನ್ನ ಮೊಬೈಲ್‌ಗೆ ನರ್ಸ್ ಕಳಿಸಿದ ಒಂದು ಲಿಂಕ್ ಬಂದದ್ದು. ಅವಳು ಅದನ್ನು ಮುಟ್ಟಿದ ಕೂಡಲೇ ಕ್ಯಾಮೆರಾ ತೆರೆದುಕೊಂಡಿತು, ನಾನು ಒತ್ತುವುದು ಆ ತುದಿಯ ನರ್ಸ್‌ಗೆ ಕಾಣತೊಡಗಿತು. ‘ಕೈ ಕೆಳಗಾಯಿತು, ಎದೆಯ ನಡುವಿಗೆ ತನ್ನಿ. ಮೊಣಕೈ ಮಡಿಸಬೇಡಿ. ಪ್ರತಿ ಸಲವೂ ಎದೆ ಪೂರ್ತಿ ಮೇಲೇಳಲು ಬಿಡಿ.’ ನಿಮಿಷಕ್ಕೆ 100ರಿಂದ 120 ಸಲ, 5ರಿಂದ 6 ಸೆಂಟಿಮೀಟರ್ ಆಳ ಎಂದು ಓದಿಕೊಂಡಿದ್ದವನು ನಾನು. ಸರಿಯಾಗಿ ಒತ್ತುತ್ತಿದ್ದೀರಾ ಎಂದು ಬರಿಯ ಮಾತಿನಲ್ಲಿ ಕೇಳಿದ್ದರೆ ಹೌದು ಎಂದೇ ಹೇಳುತ್ತಿದ್ದೆ. ಹಿರಿಯರು ಮೂರು ವಾರಗಳ ಬಳಿಕ ಮನೆಗೆ ಮರಳಿದರು.

ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ದೊಡ್ಡಪ್ಪ ನೆನಪಾದರು. ಮದುವೆಮನೆಯಲ್ಲಿ ಅವರೂ ಹೀಗೆಯೇ ಬಿದ್ದಿದ್ದರು, ಹೀಗೆಯೇ ಬಾಯಿ ತೆರೆದಿದ್ದರು. ‘ಉಸಿರಿದೆ, ಉಸಿರಿದೆ’ ಎಂದು ನಾವೆಲ್ಲ ಸಮಾಧಾನ ಪಟ್ಟುಕೊಂಡೆವು. ಯಾರೋ ಮುಖಕ್ಕೆ ನೀರು ಚಿಮುಕಿಸಿದರು, ಯಾರೋ ಗಾಳಿ ಬೀಸಿದರು. ಕೊನೆಗೆ ಕಾರಿನ ಹಿಂದಿನ ಸೀಟಿನಲ್ಲಿ ಮಲಗಿಸಿಕೊಂಡು ಹೊರಟೆವು. ಅವರ ಎದೆಯ ಮೇಲೆ ಯಾರೂ ಕೈಯಿಡಲಿಲ್ಲ. ಮೂವರು ಮಾತ್ರ ಮೊಬೈಲ್ ಎತ್ತಿ ಹಿಡಿದು ಚಿತ್ರೀಕರಿಸುತ್ತಲೇ ಇದ್ದರು.

ನನ್ನನ್ನು ಕಾಡುವುದು ಆ ಮೂರು ಮೊಬೈಲ್‌ಗಳೇ. ಕ್ಯಾಮೆರಾ ಇತ್ತು, ಇಂಟರ್ನೆಟ್ ಇತ್ತು, ಹಿಡಿಯಲು ಕೈಯಿತ್ತು. ಸಂಜೆಯೊಳಗೆ ಆ ದೃಶ್ಯವನ್ನು ನೆಂಟರಿಷ್ಟರೆಲ್ಲ ನೋಡಿಯಾಗಿತ್ತು. ‘ಇದು ಉಸಿರಲ್ಲ’ ಎಂದು ಹೇಳಬಲ್ಲ ಒಬ್ಬರು ಆ ಹೊತ್ತಿನಲ್ಲಿ ನೋಡಿದ್ದರೆ! ಹೃದಯ ನಿಂತ ನಾಲ್ಕೈದು ನಿಮಿಷಗಳಲ್ಲೇ ಮಿದುಳು ಹಾಳಾಗತೊಡಗುತ್ತದೆ. ಅಷ್ಟರೊಳಗೆ ಆಂಬುಲೆನ್ಸ್ ಬರುವುದು ಇಲ್ಲಿಯೂ ಕಷ್ಟವೇ. ನಮ್ಮ ನಾಡಿನ ಯಾವ ಮೂಲೆಯಿಂದ 108ಕ್ಕೆ ಕರೆ ಹೋದರೂ, ನೋಡುತ್ತ ಕನ್ನಡದಲ್ಲಿ ಕೈ ತಿದ್ದುವವರು ಸಿಗಬೇಕು. ಇದು ನನ್ನ ಹಟ.

ವಿಡಿಯೊ ಒಂದರಿಂದಲೇ ಎಲ್ಲ ಆಗದು, ಒಪ್ಪುತ್ತೇನೆ. ಲಿಂಕ್‌ಗಾಗಿ ಕಾಯುತ್ತ ಒತ್ತುವುದು ತಡವಾದರೆ ಕೇಡೇ ಹೆಚ್ಚು. ಡೆನ್ಮಾರ್ಕ್‌ನಲ್ಲಿ ಡ್ರೈವಿಂಗ್ ಲೈಸೆನ್ಸ್ ಬೇಕಾದರೆ 2006ರಿಂದ ಪ್ರಥಮ ಚಿಕಿತ್ಸೆಯ ತರಬೇತಿ ಕಡ್ಡಾಯ. ಆ ಹುಡುಗಿಯ ಕೈ ಅಳುಕದಿರಲು ಅದೂ ಕಾರಣವಿರಬಹುದು.

ಇನ್ನೊಂದನ್ನೂ ಹೇಳಬೇಕು, ಹೇಳಲು ಮನಸ್ಸಿಲ್ಲದಿದ್ದರೂ. ಎರಡು ನಿಮಿಷಕ್ಕೊಮ್ಮೆ ಆಳು ಬದಲಾಗಬೇಕು ಎಂದು ಆ ನರ್ಸ್ ಹೇಳುತ್ತಲೇ ಇದ್ದರು. ನನ್ನ ತೋಳು ಸೋತಾಗ ಅವಳು ಒತ್ತಿದಳು, ಅವಳು ಸೋತಾಗ ಮತ್ತೆ ನಾನು. ಮೂರು ಮಹಡಿಗಳಲ್ಲಿ ಇನ್ನೊಂದು ಬಾಗಿಲೂ ತೆರೆಯಲಿಲ್ಲ. ದೊಡ್ಡಪ್ಪನ ಸುತ್ತ ಮೂವತ್ತು ಜನ ನಿಂತಿದ್ದರು.